ಬೆಸೋರ್ ಹಳ್ಳದ ಈಚೆ ಕೂತವಳ ವಂದನೆಗಳು

ಕೊನೆಯ ರೇಡಿಯೇಷನ್ ಮುಗಿಯಿತು. ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡರೆ ಸಾಕು ಎಂದಿದ್ದಾರೆ ಡಾಕ್ಟರ್. ಕರ್ತನಿಗೆ ಸ್ತೋತ್ರ. ನಿಮಗೆಲ್ಲ ವಂದನೆ ಹೇಳಬೇಕು. ಅದಕ್ಕೂ ಮೊದಲು ಒಂದು ತಕರಾರು ಇದೆ.

ಫೋನ್ ಮಾಡಿದವರೆಲ್ಲ "ಹೋರಾಡಿ ಗೆದ್ದು ಬಂದೆ ಕಣೇ" ಅನ್ನುತ್ತಿದ್ದೀರಿ. ಪ್ರೀತಿಯಿಂದ ಹೇಳುತ್ತೀರಿ, ಗೊತ್ತು. ಆದರೆ ಯುದ್ಧಕ್ಕೆ ಹೋದವರು ನೀವು. ನಾನು ಸುಮ್ನೆ ಹಳ್ಳದ ಈಚೆ ಸಾಮಾನಿನ ಪಕ್ಕ ಕೂತಿದ್ದವಳು. ಇದು ಬೈಬಲಿನ ಸಮುವೇಲನ ಮೊದಲನೆಯ ಪುಸ್ತಕದ 30ನೇ ಅಧ್ಯಾಯದ ಮಾತು. ದಾವೀದ ದೈತ್ಯ ಗೊಲ್ಯಾತನನ್ನು ಕವಣೆ ಕಲ್ಲಿನಿಂದ ಬೀಳಿಸಿದ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳುತ್ತೇವೆ. ಇದನ್ನು ಯಾಕೋ ಅಷ್ಟಾಗಿ ಹೇಳುವುದಿಲ್ಲ. ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ದಾವೀದ ಆಗ ಇನ್ನೂ ಇಸ್ರಾಯೇಲಿನ ಅರಸನಲ್ಲ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನ ಕೈಗೆ ಸಿಗಬಾರದೆಂದು ಶತ್ರುಗಳಾದ ಫಿಲಿಷ್ಟಿಯರ ಸೀಮೆಗೇ ಹೋಗಿ, ಗತ್ ಊರಿನ ಅರಸ ಆಕೀಷನ ಆಶ್ರಯದಲ್ಲಿದ್ದ. ಇರುವುದಕ್ಕೆ ಚಿಕ್ಲಗ್ ಎಂಬ ಊರನ್ನು ಆಕೀಷನೇ ಕೊಟ್ಟಿದ್ದ. ಒಮ್ಮೆ ದಾವೀದ ತನ್ನ 600 ಜನರ ಜೊತೆ ಹೊರಗಿನಿಂದ ಹೊರಟು ಮೂರನೇ ದಿನ ಊರಿಗೆ ಬಂದು ನೋಡಿದರೆ ಊರೇ ಬೂದಿ. ಇಸ್ರಾಯೇಲ್ಯರ ಹಳೇ ಶತ್ರುಗಳಾದ ಅಮಾಲೇಕ್ಯರು ಬಂದು ಬೆಂಕಿ ಇಟ್ಟು, ಹೆಂಡತಿ ಮಕ್ಕಳನ್ನೆಲ್ಲ ಹಿಡಿದುಕೊಂಡು ಹೋಗಿದ್ದರು. ಇನ್ನು ಅಳುವುದಕ್ಕೂ ಶಕ್ತಿ ಇಲ್ಲ ಅನ್ನುವವರೆಗೆ ಎಲ್ಲರೂ ಅತ್ತರು. ಆಮೇಲೆ ಅವನ ಜನರೇ ಅವನಿಗೆ ಕಲ್ಲೆಸೆಯುವ ಮಾತಾಡಿದರು.

ಅಷ್ಟು ದೊಡ್ಡ ಗಂಡಸರು ಕೂತು ಅತ್ತದ್ದನ್ನು ಬೈಬಲ್ ಮುಚ್ಚಿಡುವುದಿಲ್ಲ. ಆಮೇಲೆಯೇ ದಾವೀದ ತನ್ನ ದೇವರಲ್ಲಿ ಬಲ ತಂದುಕೊಂಡ ಎಂದು ಬರುತ್ತದೆ. ಏನೆಂದು ಪ್ರಾರ್ಥಿಸಿದ ಅಂತ ಅಲ್ಲಿ ಬರೆದಿಲ್ಲ. ಯಾಜಕ ಎಬ್ಯಾತಾರನಿಂದ ಏಫೋದು ಎಂಬ ಯಾಜಕರ ವಸ್ತ್ರ ತರಿಸಿ, "ಬೆನ್ನಟ್ಟಲೋ ಬೇಡವೋ" ಎಂದು ದೇವರನ್ನು ಕೇಳಿದ, ಅಷ್ಟೇ. ಹೆಂಡತಿಯರನ್ನೇ ಹೊತ್ತೊಯ್ದಿರುವಾಗ ಕೇಳುವುದೇನು, ಓಡಬೇಕಲ್ವಾ? ಅವನು ನಿಂತು ಕೇಳಿದ. ಹೋಗು, ಎಲ್ಲವನ್ನೂ ಬಿಡಿಸಿಕೊಂಡು ಬರುತ್ತೀಯ ಎಂಬ ಉತ್ತರ ಬಂತು.

ದಾವೀದನೇನು ಸಾಚಾ ಎಂದು ನಾನು ಹೇಳುತ್ತಿಲ್ಲ. 27ನೇ ಅಧ್ಯಾಯ ತೆಗೆದು ನೋಡಿ. ಇದೇ ಅಮಾಲೇಕ್ಯರ ಊರುಗಳ ಮೇಲೆ ಬಿದ್ದು ಗಂಡಸು ಹೆಂಗಸು ಯಾರನ್ನೂ ಉಳಿಸದೆ, ಆಕೀಷನ ಮುಂದೆ ಸುಳ್ಳು ಹೇಳಿದವನು. ಚಿಕ್ಲಗ್ ಸುಟ್ಟವರು ಯಾರನ್ನೂ ಕೊಲ್ಲಲಿಲ್ಲ. ಓದುವಾಗ ಕಸಿವಿಸಿಯಾಗುತ್ತದೆ, ಆಗಲೂ ಬೇಕು. ನಮ್ಮ ಹೋರಾಟ ಮನುಷ್ಯರ ಮೇಲಲ್ಲ ಎಂದು ಅಪೊಸ್ತಲ ಪೌಲ ಎಫೆಸದವರಿಗೆ ಬರೆದದ್ದನ್ನು ಪಕ್ಕದಲ್ಲಿಟ್ಟುಕೊಂಡೇ ನಾವು ಇಂಥ ಕಥೆ ಓದಬೇಕು.

ಬೆಸೋರ್ ಹಳ್ಳದವರೆಗೆ ಎಲ್ಲರೂ ಬಂದರು. ನೆಗೆವ್ ಬಯಲಿನಿಂದ ಹರಿದು ಗಾಜಾದ ದಕ್ಷಿಣಕ್ಕೆ ಸಮುದ್ರ ಸೇರುವ ಹಳ್ಳ ಅದು. ಮಳೆಗಾಲ ಬಿಟ್ಟರೆ ಹೆಚ್ಚಿನ ಭಾಗ ಒಣಗೇ ಇರುತ್ತದೆ. ಅಲ್ಲಿ 200 ಜನರಿಗೆ ಮುಂದೆ ಕಾಲಿಡಲು ಆಗಲಿಲ್ಲ, ಸಾಮಾನು ಕಾಯುತ್ತ ಅಲ್ಲೇ ಉಳಿದರು. ಅವರು ಹೆದರಿದರು ಅಂತ ಬರೆದಿಲ್ಲ. ದಣಿದಿದ್ದರು ಅಂತಷ್ಟೇ ಇದೆ. ಅವರ ಹೆಂಡತಿ ಮಕ್ಕಳೂ ಸೆರೆಯಲ್ಲೇ ಇದ್ದರು, ನೆನಪಿರಲಿ. ಬೇಕು ಅನ್ನಿಸಿದರೂ ಮೈ ಏಳುತ್ತಿರಲಿಲ್ಲ.

ಕಿಮೋ ಶುರುವಾದ ಮೇಲೆ ನನ್ನ ಗತಿ ಇದೇ ಆಯಿತು. ನೀರು ಕುಡಿದರೂ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಅದನ್ನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಪ್ರಾರ್ಥನೆ ಬಾರದೇ ಹೋದದ್ದು. ಕಣ್ಣು ಮುಚ್ಚಿ "ಕರ್ತನೇ" ಅಂದರೆ ಮುಂದಿನ ಮಾತೇ ಹೊರಡುತ್ತಿರಲಿಲ್ಲ. ಇಷ್ಟು ವರ್ಷ ಸ್ತ್ರೀಯರ ಕೂಟದಲ್ಲಿ ಬೇರೆಯವರಿಗಾಗಿ ಉದ್ದುದ್ದ ಪ್ರಾರ್ಥನೆ ಮಾಡಿದ ಬಾಯಿ ಇದು. ಮಧ್ಯರಾತ್ರಿ ಎದ್ದು ಕೂತಾಗ, ನನಗೆ ಇಷ್ಟು ದಿನ ಇದ್ದದ್ದು ವಿಶ್ವಾಸವೋ ಬರೀ ಅಭ್ಯಾಸವೋ ಅನ್ನಿಸುತ್ತಿತ್ತು. ಅದರ ಮೇಲೆ ಮನೆಗೆ ಬಂದ ಒಬ್ಬರು, ವಿಶ್ವಾಸ ಕಡಿಮೆಯಾದರೆ ಹೀಗಾಗುತ್ತದೆ ಎಂದು ಹೇಳಿ, ಕಾಫಿ ಕುಡಿದು ಹೋದರು.

ಆ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಓಡಾಡಿದ್ದು ಈ ಕಥೆಯ ಒಬ್ಬ ಹುಡುಗ. ಬಯಲಲ್ಲಿ ಬಿದ್ದಿದ್ದ ಐಗುಪ್ತದವನು, ಅಂದರೆ ಈಜಿಪ್ಟಿನವನು, ಒಬ್ಬ ಅಮಾಲೇಕ್ಯನ ಆಳು. ಕಾಯಿಲೆ ಬಿದ್ದ ಎಂದು ಯಜಮಾನ ಬಿಟ್ಟು ಹೋಗಿದ್ದ. ಮೂರು ಹಗಲು ಮೂರು ರಾತ್ರಿ ಅನ್ನ ನೀರು ಕಂಡಿರಲಿಲ್ಲ. ಅಷ್ಟು ಅವಸರದಲ್ಲೂ ದಾವೀದನ ಜನ ಅವನಿಗೆ ರೊಟ್ಟಿ, ನೀರು, ಒಂದು ತುಂಡು ಅಂಜೂರದ ಉಂಡೆ, ಎರಡು ಗೊಂಚಲು ಒಣದ್ರಾಕ್ಷಿ ಕೊಟ್ಟರು. ಅವನಿಗೆ ಜೀವ ಬಂತು. ಅಮಾಲೇಕ್ಯರ ದಂಡಿಗೆ ದಾರಿ ತೋರಿಸಿದವನೂ ಅವನೇ.

ಕೈಲಾಗದವರನ್ನು ಹೀಗೆ ನಡೆಸಿಕೊಳ್ಳುವುದು ಅಮಾಲೇಕ್ಯರಿಗೆ ಹೊಸದಲ್ಲ. ಇಸ್ರಾಯೇಲ್ಯರು ಐಗುಪ್ತದಿಂದ ಹೊರಟು ಬರುವಾಗ ದಣಿದು ಹಿಂದೆ ಬಿದ್ದವರ ಮೇಲೇ ಅವರು ಬಿದ್ದರು ಎಂದು ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಹೇಳುತ್ತದೆ. ದಣಿದವನು ಕೆಲಸಕ್ಕೆ ಬಾರದವನು, ಬಿಡು ಅನ್ನುವ ಆ ದನಿ ನನ್ನೊಳಗೂ ಇತ್ತು. ನನ್ನ ಹೋರಾಟ ಜಾಸ್ತಿ ಅದರ ಜೊತೆಗೇ. ಗೆಡ್ಡೆಯನ್ನು ಡಾಕ್ಟರು ನೋಡಿಕೊಂಡರು.

ಆ ದನಿಯನ್ನು ಸೋಲಿಸಿದವರು ನೀವು. ಕ್ವಾಯರಿನವರು ನನ್ನ ಹಾಡಿನ ಫೈಲನ್ನು ಯಾರಿಗೂ ಕೊಡದೆ ಅದೇ ಕುರ್ಚಿಯ ಮೇಲೆ ಇಡುತ್ತಾ ಬಂದಿರಿ. ಭಾನುವಾರ ಅದರ ಫೋಟೋ ಕಳಿಸುತ್ತಿದ್ದಿರಿ, ಕೆಳಗೆ ಒಂದು ಮಾತೂ ಬರೆಯದೆ. ಸಭೆಯ ಪಾಸ್ಟರ್ ಅಯ್ಯನವರ ಹೆಂಡತಿ ವಾರ್ಡಿಗೆ ಬಂದರೆ ಉಪದೇಶ ಇಲ್ಲ, ವಚನ ಇಲ್ಲ. ಕಾಲು ಒತ್ತಿ, ಡಬ್ಬಿ ತೊಳೆದಿಟ್ಟು ಹೋಗುತ್ತಿದ್ದರು. ವಿಜಯಪುರದಿಂದ ಬಂದ ನಾದಿನಿ ರಾತ್ರಿ ಒಣದ್ರಾಕ್ಷಿ ನೆನೆಹಾಕಿ ಬೆಳಿಗ್ಗೆ ಕಿವುಚಿ ಕುಡಿಸುತ್ತಿದ್ದಳು. ಬಾಯಿಗೆ ಸೇರಿದ್ದು ಅದೊಂದೇ. ಪಕ್ಕದ ಮನೆಯ ಆಟೋ ಅಣ್ಣ ಸಾಬರು ರಂಜಾನ್ ಉಪವಾಸದಲ್ಲೂ ಆಸ್ಪತ್ರೆಯ ಗೇಟಿನ ಹತ್ತಿರ ಕಾದು ಕೂರುತ್ತಿದ್ದರು. ವೇಟಿಂಗ್ ದುಡ್ಡು ಕೊಡಲು ಹೋದರೆ ಬೈಸಿಕೊಳ್ಳಬೇಕಿತ್ತು. ನನ್ನವರಿಗೆ ಇಲ್ಲಿ ಏನೂ ಬರೆಯುವುದಿಲ್ಲ, ಮನೆಯಲ್ಲೇ ಹೇಳಿದ್ದೇನೆ. ಉಪವಾಸ ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿದ, ನಾನು ಮುಖವನ್ನೂ ನೋಡದ ಎಷ್ಟೋ ಜನರಿದ್ದೀರಿ. ನನ್ನ ಬಾಯಿಂದ ಬಾರದ ಪ್ರಾರ್ಥನೆಯನ್ನು ನೀವು ಮಾಡಿದಿರಿ.

ಮುಂದಿನದು ನಿಮಗೆ ಗೊತ್ತಿರಬಹುದು. ದಾವೀದನೂ 400 ಜನರೂ ಎಲ್ಲರನ್ನೂ ಬಿಡಿಸಿಕೊಂಡು, ಕೊಳ್ಳೆಯ ಸಮೇತ ಹಳ್ಳಕ್ಕೆ ವಾಪಸು ಬಂದರು. ಬಂದವನೇ ದಾವೀದ ಆ 200 ಜನರ ಕ್ಷೇಮ ವಿಚಾರಿಸಿದ. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಬರದವರಿಗೆ ಹೆಂಡತಿ ಮಕ್ಕಳನ್ನು ಕೊಟ್ಟು ಕಳಿಸು, ಕೊಳ್ಳೆಯಲ್ಲಿ ಪಾಲು ಬೇಡ ಎಂದು ಕೆಲವರು ಜಗಳ ತೆಗೆದರು. ದಾವೀದ ಒಪ್ಪಲಿಲ್ಲ. ಇದು ನಾವು ಗೆದ್ದದ್ದಲ್ಲ, ದೇವರು ಕೊಟ್ಟದ್ದು ಅಂದ. ಕಾಳಗಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಒಂದೇ ಪಾಲು ಎಂದು ತೀರ್ಮಾನಿಸಿದ. ಆವತ್ತಿನಿಂದ ಅದು ಇಸ್ರಾಯೇಲಿನಲ್ಲಿ ಕಟ್ಟಳೆಯೇ ಆಯಿತು.

ನನ್ನ ಪಾಲು ನನಗೆ ಬಂದಿದೆ. ಪ್ರಾರ್ಥನೆಯೂ ನಿಧಾನವಾಗಿ ಬರುತ್ತಿದೆ, ಇನ್ನೂ ಚಿಕ್ಕಚಿಕ್ಕದು. ವೇದಿಕೆ ಮೇಲೆ ನಿಂತು ಸಾಕ್ಷಿ ಹೇಳು ಎಂದು ಅಯ್ಯನವರು ಕೇಳಿದ್ದಾರೆ. ಇಷ್ಟನ್ನೇ ಓದಿಬಿಡುತ್ತೇನೆ, ಜಾಸ್ತಿ ನಿಲ್ಲಲು ಆಗುವುದಿಲ್ಲ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಅಂಗಳದಲ್ಲಿ ಎಲ್ಲರಿಗೂ ಊಟ. ಆಟೋ ಅಣ್ಣನ ಮನೆಯವರೇ ಬಿರಿಯಾನಿ ಮಾಡುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರು, ಅವರನ್ನು ಬಿಟ್ಟು ಬರಲಾಗದವರು ಇದ್ದರೆ ಡಬ್ಬಿ ಕಟ್ಟಿ ಕಳಿಸುತ್ತೇವೆ. ಎಷ್ಟು ಡಬ್ಬಿ ಎಂದು ಶನಿವಾರ ಸಂಜೆಯೊಳಗೆ ನಾದಿನಿಗೆ ಫೋನ್ ಮಾಡಿ.