ಆ ರೈಫಲ್ ರೂಪಿಸಿದವರ ಹೆಸರೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಅವರ ಕಾಡಿನ ದಿನಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಒಂದು ಕಡೆ ಮಾತ್ರ ಮನಸ್ಸಿಗೆ ನೋವಾಯಿತು. ಅವರು ತಮ್ಮ ಹಳೇ ಬಂದೂಕು ಹಿಡಿದು ಹೊರಟರು ಎಂದಷ್ಟೇ ಬರೆದು ಮುಂದಕ್ಕೆ ಹೋಗಿದ್ದೀರಿ. ಅದು ಪಾಯಿಂಟ್ 405 ತೋಟಾದ ವಿಂಚೆಸ್ಟರ್ ರೈಫಲ್, 1895ರ ಮಾದರಿ. ತಯಾರಿಸಿದ್ದು ವಿಂಚೆಸ್ಟರ್ ಕಂಪನಿ. ರೂಪಿಸಿದವರು ಅಮೆರಿಕದ ಯೂಟಾ ಸೀಮೆಯ ಆಗ್ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಆ ಹೆಸರು ಲೇಖನದಲ್ಲಿ ಎಲ್ಲೂ ಇರಲಿಲ್ಲ.

ನಾನು ತುಮಕೂರು ಕಡೆಯವನು. ಚಿಂಚವಾಡದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ 34 ವರ್ಷ ಫಿಟ್ಟರ್ ಆಗಿದ್ದೆ. ಬೇಟೆ ಆಡಿದವನಲ್ಲ. 1972ರ ವನ್ಯಜೀವಿ ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು ಅನ್ನುವವನು. ಆದರೆ ಒಳ್ಳೆಯ ಕೆಲಸ ಕಂಡರೆ ಅದನ್ನು ಮಾಡಿದ ಕೈ ಯಾರದ್ದು ಅಂತ ಕೇಳದೆ ಇರಲಾರೆ.

1980ರ ದಶಕದಲ್ಲಿ ಪುಣೆ ಕ್ಯಾಂಪಿನಲ್ಲಿ ಒಬ್ಬ ಪಾರ್ಸಿ ಹಿರಿಯರ ಮನೆಗೆ ನಮ್ಮ ಸೂಪರ್‌ವೈಸರ್ ಜೊತೆ ಹೋಗಿದ್ದೆ. ಅವರು ಮಾರಬೇಕೆಂದಿದ್ದ ಒಂದು ಸಣ್ಣ ಲೇತ್ ನೋಡೋದಕ್ಕೆ. ಮಾತಿಗೆ ಮಾತು ಬಂದು, ಲೈಸೆನ್ಸ್ ಇದ್ದ ತಮ್ಮ ತಂದೆಯ ಕಾಲದ ರೈಫಲ್ ತಂದರು. 1892ರ ವಿಂಚೆಸ್ಟರ್. ತೋಟಾ ಇಲ್ಲವೆಂದು ಎರಡು ಸಲ ತೋರಿಸಿ ನನ್ನ ಕೈಗೆ ಕೊಟ್ಟರು. ಕುದುರೆಯ (ಟ್ರಿಗರ್) ಸುತ್ತ ಇರುವ ಹಿಡಿಯನ್ನು, ಅಂದರೆ ಲಿವರನ್ನು, ಕೆಳಗೆ ಎಳೆದೆ. ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟಿನ ಎರಡೂ ಪಕ್ಕ ನಿಂತಿದ್ದ ಎರಡು ಉಕ್ಕಿನ ಪಟ್ಟಿಗಳು ನೆಟ್ಟಗೆ ಕೆಳಗಿಳಿದವು, ಬೋಲ್ಟ್ ಹಿಂದಕ್ಕೆ ಜಾರಿತು. ಲಿವರ್ ಮೇಲೆತ್ತಿದೆ. ಬೋಲ್ಟ್ ಮುಂದೆ ಹೋಗಿ ಕೂತಿತು, ಪಟ್ಟಿಗಳು ಮತ್ತೆ ಎದ್ದು ಅದನ್ನು ಹಿಂದೆ ಬರದಂತೆ ಹಿಡಿದವು. ಅಷ್ಟೇ. ಅಷ್ಟು ವರ್ಷದ ಮೇಲೂ ಆ ಪಟ್ಟಿಗಳು ತಮ್ಮ ತೋಡಿನಲ್ಲಿ ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ನಾನು ಲೇತ್ ನೋಡೋದನ್ನೇ ಮರೆತೆ. ಆ ಹಿರಿಯರು ತೀರಿಕೊಂಡ ಮೇಲೆ, ಮಕ್ಕಳು ಪರದೇಶದಲ್ಲಿದ್ದರಿಂದ, ರೈಫಲನ್ನು ಯಾವುದೋ ಠಾಣೆಗೆ ಒಪ್ಪಿಸಿದರಂತೆ. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಬ್ರೌನಿಂಗ್ ಹುಟ್ಟಿದ್ದು 1855ರಲ್ಲಿ. ತಂದೆಯದ್ದು ಬಂದೂಕು ರಿಪೇರಿ ಮಾಡುವ ಅಂಗಡಿ. ಮಗ ಆ ಅಂಗಡಿಯ ಗುಜರಿಯಲ್ಲೇ ಕೆಲಸ ಕಲಿತರು. 1879ರಲ್ಲಿ ಮೊದಲ ಪೇಟೆಂಟ್, ಒಂದು ಸಲಕ್ಕೆ ಒಂದೇ ತೋಟಾ ಹಾಕುವ ರೈಫಲ್ಲಿಗೆ. ಅಣ್ಣತಮ್ಮಂದಿರು ಸೇರಿ ಅದನ್ನು ಊರಲ್ಲೇ ಮಾಡಿ ಮಾರುತ್ತಿದ್ದರು. 1883ರಲ್ಲಿ ವಿಂಚೆಸ್ಟರ್ ಕಂಪನಿಯ ದೊಡ್ಡ ಅಧಿಕಾರಿಯೇ ಆಗ್ಡನ್‌ಗೆ ಬಂದು 8,000 ಡಾಲರ್ ಕೊಟ್ಟು ಹಕ್ಕು ಕೊಂಡರು. ಅದೇ 1885ರ ಮಾದರಿ ಆಯಿತು. ಆಮೇಲೆ 1886, 1892, 1894. ಈ 1894ರ ಮಾದರಿಯೊಂದೇ 70 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ.

ಆಂಡರ್ಸನ್ ಅವರ 1895ರ ವಿಷಯಕ್ಕೆ ಬರುತ್ತೇನೆ. ಅದಕ್ಕಿಂತ ಹಿಂದಿನ 1886, 1892, 1894ರ ಲಿವರ್ ರೈಫಲ್‌ಗಳಲ್ಲಿ ತೋಟಾಗಳು ನಳಿಕೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತಿದ್ದವು. ಒಂದರ ಮೂತಿ ಇನ್ನೊಂದರ ಬುಡಕ್ಕೆ, ಕಿಡಿಮದ್ದು ಇರುವ ಕಡೆಗೇ, ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ಕೊಳವೆಯೊಳಗೇ ಸಿಡಿಯಬಹುದು, ಅಲ್ವಾ? ಬ್ರೌನಿಂಗ್ ಕೊಳವೆಯನ್ನೇ ಬಿಟ್ಟು, ಲಿವರಿನ ಮುಂದೆ ಪೆಟ್ಟಿಗೆಯೊಂದನ್ನು ಇಟ್ಟು ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದರು. ನರಭಕ್ಷಕನ ಮುಂದೆ ನಿಂತ ನಮ್ಮ ಬೆಂಗಳೂರಿನ ಮನುಷ್ಯ ಆ ಪೆಟ್ಟಿಗೆಯನ್ನು ನಂಬಿ ನಿಂತಿದ್ದರು. ಲೇಖನದಲ್ಲಿ ಇದಕ್ಕೆ ನಾಲ್ಕು ಸಾಲು ಕೊಡಬಹುದಿತ್ತು.

ಬ್ರೌನಿಂಗ್ ಅಂದರೆ ಜನ ಮೆಷಿನ್ ಗನ್, ಪಿಸ್ತೂಲು ಅಂತಲೇ ನೆನೆಯುತ್ತಾರೆ. ಅವು ಯುದ್ಧಕ್ಕೆ ಹೋದವು. ನನಗೆ ಅವರ ನಿಜವಾದ ಆಸ್ತಿ ಈ ಲಿವರ್ ರೈಫಲ್‌ಗಳು ಅನಿಸುತ್ತದೆ. ಜಪಾನಿನ ಮಿರೋಕು ಕಾರ್ಖಾನೆಯಲ್ಲಿ 1885, 1892, 1894, 1895ರ ಮಾದರಿಗಳನ್ನು ನಮ್ಮ ಕಾಲದಲ್ಲೂ ಹೊಸದಾಗಿ ಮಾಡಿದ್ದಾರೆ. ನೂರು ವರ್ಷ ದಾಟಿದ ಡ್ರಾಯಿಂಗ್ ಹಿಡಿದು ಯಾರೂ ಸುಮ್ನೆ ಲೋಹ ಕೊರೆಯುವುದಿಲ್ಲ.

ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನ ರೈಫಲ್ ಶೂಟಿಂಗ್‌ನಲ್ಲಿ ಕಂಚು ಗೆದ್ದ ಮೇಲೆ ನಮ್ಮ ಸೊಸೈಟಿಯ ಮೂವರು ಮಕ್ಕಳು ಬಾಲೇವಾಡಿ ರೇಂಜಿಗೆ ಹೋಗುತ್ತಿದ್ದಾರೆ. ಅವರು ಹಿಡಿಯುವ ರೈಫಲ್ಲೇ ಬೇರೆ, ನಿಜ. ಆದರೂ ಅದರೊಳಗೆ ಏನು ನಡೆಯುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಅವರಿಗಾಗಿ 1885ರ ರೈಫಲ್ಲಿನ ಬೀಗವನ್ನು, ಅಂದರೆ ನಳಿಕೆಯ ಹಿಂಬದಿ ಮುಚ್ಚುವ ಭಾಗವನ್ನು ಮಾತ್ರ ಸಾಗವಾನಿ ಮರದಲ್ಲಿ, ನಾಲ್ಕು ಪಟ್ಟು ದೊಡ್ಡದಾಗಿ ಮಾಡಿದ್ದೇನೆ. ಲಿವರ್ ಎಳೆದರೆ ಮರದ ಅಚ್ಚು ತೋಡಿನಲ್ಲಿ ಕೆಳಗಿಳಿಯುತ್ತದೆ, ಎತ್ತಿದರೆ ನಳಿಕೆಯ ಹಿಂಬಾಯಿ ಮುಚ್ಚುತ್ತದೆ.

ಬ್ರೌನಿಂಗ್ ಅವರು ಬೆಲ್ಜಿಯಂನ ಲಿಯೇಜ್ ಬಳಿಯ ಕಾರ್ಖಾನೆಯಲ್ಲಿ ಕೆಲಸದ ನಡುವೆಯೇ ತೀರಿಕೊಂಡದ್ದು 1926ರ ನವೆಂಬರ್ 26ರಂದು. 2026ರ ಅದೇ ದಿನಕ್ಕೆ ನೂರು ವರ್ಷ. ಅಂದು ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟ ಕೊಡಿ, ಚಿತ್ರದ ಸಮೇತ. ಚಿತ್ರ ಬರೆಯುವವರನ್ನು ಚಿಂಚವಾಡಕ್ಕೆ ಕಳಿಸಿದರೆ ಆ ಮರದ ಬೀಗವನ್ನು ಬಿಚ್ಚಿ ತೋರಿಸುತ್ತೇನೆ.

ಒಬ್ಬ ನಿವೃತ್ತ ಫಿಟ್ಟರ್,
ಚಿಂಚವಾಡ, ಪುಣೆ