ರೋಗಿ ಎದುರಿಗಿರುವಾಗ ಕಂತಿನ ನೆನಪು ಬರಬಾರದು

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿ ತುಂಬಾ ಖುಷಿಯಾಯಿತು. ಟ್ರೇನಿಂಗ್ ಮುಗಿದು ಪೂರ್ತಿ ಸಂಬಳ ಶುರುವಾಗಿದೆ. ಜೊತೆಗೆ ಹಿರಿಯ ಡಾಕ್ಟರೊಬ್ಬರು ತಮ್ಮ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಪಾಲು ತಗೋ ಅಂತ ಕರೆದಿದ್ದಾರೆ ಅಂತಲೂ ಬರೆದಿದ್ದೀಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡಾಕ್ಟರುಗಳ ಲೆಕ್ಕಪತ್ರ ನೋಡಿಕೊಂಡೇ ನನ್ನ ವಯಸ್ಸು ಕಳೆಯಿತು. ಅದರಿಂದ ನನಗೆ ಗಟ್ಟಿಯಾಗಿ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ರೋಗಿ ಎದುರಿಗೆ ಕೂತಿರುವಾಗ ನಿನ್ನ ತಲೆಯಲ್ಲಿ ಸಾಲದ ಕಂತು ಓಡುತ್ತಿರಬಾರದು. ಹಣವನ್ನು ಅಚ್ಚುಕಟ್ಟಾಗಿ ಇಟ್ಟುಕೋ ಅಂತ ನಾನು ಹೇಳುವುದು ಅದಕ್ಕಾಗಿ.

ನಿಮ್ಮ ಕೆಲಸದಲ್ಲಿ ಸಂಪಾದನೆ ಶುರುವಾಗುವುದೇ ತಡ. ಸ್ಕೂಲಿನಲ್ಲಿ ನಿನ್ನ ಜೊತೆ ಓದಿದವರು 22ಕ್ಕೆ ಕೆಲಸಕ್ಕೆ ಸೇರಿದರು. ನಿನಗೀಗ 32. ಹಣ ವರ್ಷಕ್ಕೆ ಶೇಕಡಾ 7ರಂತೆ ಬೆಳೆಯುತ್ತದೆ ಅಂತ ಇಟ್ಟುಕೋ. 60ನೇ ವಯಸ್ಸಿಗೆ ಅವರಷ್ಟೇ ಗಂಟು ನಿನ್ನ ಹತ್ತಿರವೂ ಇರಬೇಕಾದರೆ, ವರ್ಷ ವರ್ಷವೂ ಅವರು ಉಳಿಸುವುದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ನೀನು ಉಳಿಸಬೇಕು. ಗಾಬರಿ ಬೇಡ, ನಿನ್ನ ಸಂಬಳದಲ್ಲಿ ಅದು ಆಗುವ ಕೆಲಸ. ಆದರೆ ಸಂಬಳದ ಜೊತೆಗೇ ಖರ್ಚೂ ಏರಿಬಿಟ್ಟರೆ ಆಗುವುದಿಲ್ಲ.

ಅದಕ್ಕೇ ಮೊದಲ ಎರಡು ಮೂರು ವರ್ಷ ಟ್ರೇನಿಂಗ್‌ನಲ್ಲಿ ಇದ್ದ ಹಾಗೇ ಇರು. ಸ್ವಲ್ಪ ಕೈ ಸಡಿಲ ಮಾಡಿಕೋ, ಅಷ್ಟು ಸಾಕು. ಉಳಿದದ್ದರಲ್ಲಿ ಓದಿನ ಸಾಲ ತೀರಿಸು, ಜಾಸ್ತಿ ಬಡ್ಡಿಯದು ಮೊದಲು. ಶೇಕಡಾ 12 ಬಡ್ಡಿಯ ಸಾಲ ತೀರಿಸಿದರೆ ಆ ಹಣಕ್ಕೆ ಶೇಕಡಾ 12 ಖಚಿತವಾಗಿ ಗಳಿಸಿದ ಹಾಗೆ. ಯಾವ ಅಪಾಯವೂ ಇಲ್ಲದೆ ಅಷ್ಟು ಕೊಡುತ್ತೇನೆ ಅಂತ ಯಾರಾದರೂ ಬಂದರೆ ಅವರ ಮಾತು ನಂಬಬೇಡ. ಜೊತೆಗೆ ಆರು ತಿಂಗಳ ಮನೆಖರ್ಚು ಕೈಗೆ ತಕ್ಷಣ ಸಿಗುವ ಹಾಗೆ ಬ್ಯಾಂಕಿನಲ್ಲಿರಲಿ. ಸರಿ ಕಾಣದ ಕೆಲಸ ಬಿಟ್ಟು ಹೊರಬರುವ ಧೈರ್ಯ ಆ ಹಣದಿಂದ ಬರುತ್ತದೆ.

ಈಗ ನಿನ್ನ ಹತ್ತಿರ ಇರುವ ದೊಡ್ಡ ಆಸ್ತಿ ಅಂದರೆ ನಿನ್ನ ಮುಂದಿನ ಮೂವತ್ತು ವರ್ಷದ ದುಡಿಮೆ. ಅದನ್ನು ಕಾಪಾಡಿಕೊಳ್ಳುವುದನ್ನೇ ಎಷ್ಟೋ ಜನ ಮರೆಯುತ್ತಾರೆ. ನೀನು ಸರ್ಜನ್. ಕೈ ನಡುಗಿದರೆ, ಒಂದು ಕಣ್ಣು ಮಂಜಾದರೆ ಆಪರೇಷನ್ ನಿಂತುಹೋಗುತ್ತದೆ. ಹಾಗಾಗಿ ದುಡಿಯುವ ಶಕ್ತಿ ಹೋದರೆ ಆದಾಯ ಕೊಡುವ ವಿಮೆ ತಗೋ. ಅದರಲ್ಲಿ ಒಂದು ಸಾಲನ್ನು ಹುಡುಕಿ ಓದು. ನಿನ್ನದೇ ವಿಶೇಷ ಕೆಲಸ ಮಾಡಲಾಗದಿದ್ದರೆ ಹಣ ಕೊಡುತ್ತಾರೋ, ಇಲ್ಲ ಯಾವ ಕೆಲಸವನ್ನೂ ಮಾಡಲಾಗದಿದ್ದರೆ ಮಾತ್ರವೋ? ಎರಡನೆಯದಾದರೆ ಕಷ್ಟ. ಪಾಠ ಹೇಳಬಲ್ಲೆಯಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನಿನ್ನನ್ನೇ ನಂಬಿದವರು ಇದ್ದರೆ ಟರ್ಮ್ ವಿಮೆ, ಅಂದರೆ ಉಳಿತಾಯ ಸೇರದ, ಜೀವಕ್ಕೆ ಅಪಾಯವಾದರೆ ಮನೆಯವರಿಗೆ ಹಣ ಕೊಡುವ ವಿಮೆ ಮಾಡಿಸು. ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ರೋಗಿ ಪರಿಹಾರ ಕೇಳಿದರೆ ನೆರವಿಗೆ ಬರುವ ವೃತ್ತಿಯ ಹೊಣೆಗಾರಿಕೆ ವಿಮೆಯನ್ನು ಒಂದು ದಿನವೂ ತಪ್ಪಿಸಬೇಡ. ವಿಮೆ ಮತ್ತು ಉಳಿತಾಯ ಎರಡನ್ನೂ ಸೇರಿಸಿ ಮಾರುವ ಪಾಲಿಸಿಗಳನ್ನು ದೂರವಿಡು. ಹೊಸ ಡಾಕ್ಟರುಗಳನ್ನು ಹುಡುಕಿಕೊಂಡು ಬಂದು ಅವನ್ನೇ ಮಾರುತ್ತಾರೆ, ಯಾಕಂದರೆ ಮಾರುವವರಿಗೆ ಅದರಲ್ಲಿ ಕಮಿಷನ್ ಚೆನ್ನಾಗಿದೆ.

ಇನ್ನು ಹೂಡಿಕೆ. ಹೊಸ ಔಷಧಿ ಬಂದರೆ ನೀನು ಏನು ಕೇಳುತ್ತೀಯ? ಯಾರ ಮೇಲೆ ಪ್ರಯೋಗ ಮಾಡಿದರು, ಅಡ್ಡಪರಿಣಾಮ ಏನು, ಪ್ರಯೋಗಕ್ಕೆ ದುಡ್ಡು ಕೊಟ್ಟವರು ಯಾರು. ಇದನ್ನೇ ಹಣದ ಯೋಜನೆಗೂ ಕೇಳು. ಇಷ್ಟು ಕೇಳಬಲ್ಲವರೂ ಡ್ಯೂಟಿ ರೂಮಿನಲ್ಲಿ ಯಾರೋ ಹೇಳಿದ ಷೇರಿಗೆ ಹಣ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ನೀನು ಪುರಾವೆ ಕೇಳುವವಳು, ಹಾಗಾಗಿ ಒಂದು ಪುರಾವೆ ಕೊಡುತ್ತೇನೆ. ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಒಡೀನ್ ಅನ್ನುವ ಇಬ್ಬರು ಪ್ರೊಫೆಸರುಗಳು ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 66,465 ಕುಟುಂಬಗಳ ವಹಿವಾಟು ನೋಡಿ 2000ದಲ್ಲಿ ಪ್ರಕಟಿಸಿದರು. 1991ರಿಂದ 1996ರವರೆಗಿನ ಲೆಕ್ಕ ಅದು. ಮಾರುಕಟ್ಟೆ ವರ್ಷಕ್ಕೆ ಶೇಕಡಾ 17.9 ಕೊಟ್ಟಿತ್ತು. ಎಲ್ಲರಿಗಿಂತ ಜಾಸ್ತಿ ಕೊಂಡು ಮಾರಿದವರಿಗೆ ಸಿಕ್ಕಿದ್ದು 11.4. ಸುಮ್ನೆ ಇದ್ದಿದ್ದರೆ ಜಾಸ್ತಿ ಸಿಗುತ್ತಿತ್ತು, ಅಲ್ವಾ?

ಹಾಗಾಗಿ ದೀರ್ಘಕಾಲದ ಹಣಕ್ಕೆ ಇಡೀ ಮಾರುಕಟ್ಟೆಯನ್ನೇ ಕೊಳ್ಳುವ ಇಂಡೆಕ್ಸ್ ಫಂಡ್ ಸಾಕು. ಸಾಮಾನ್ಯ ಜನರಿಗೆ ಅಂಥ ಮೊದಲ ಫಂಡನ್ನು 1976ರಲ್ಲಿ ಜಾನ್ ಬೋಗಲ್ ಅಮೆರಿಕದಲ್ಲಿ ತಂದಾಗ ಕೊಂಡವರು ಕಡಿಮೆ, ಆಡಿಕೊಂಡವರು ಜಾಸ್ತಿ. ಅದರ ಬಲ ಇರುವುದು ಶುಲ್ಕ ಕಡಿಮೆ ಅನ್ನುವುದರಲ್ಲಿ. ಶೇಕಡಾ 7ರಂತೆ ಬೆಳೆದರೆ ಮೂವತ್ತು ವರ್ಷದಲ್ಲಿ ಹಣ 7.6 ಪಟ್ಟು ಆಗುತ್ತದೆ. ಅದರಲ್ಲಿ ಶೇಕಡಾ 1 ಶುಲ್ಕಕ್ಕೆ ಹೋದರೆ 5.7 ಪಟ್ಟು. ಶೇಕಡಾ 2 ಹೋದರೆ 4.3. ಕಾಗದದಲ್ಲಿ ಚಿಕ್ಕದಾಗಿ ಕಾಣುವ ಆ ಅಂಕಿ ನಿನ್ನ ಗಂಟಿನ ಕಾಲು ಭಾಗವನ್ನು, ಕೆಲವೊಮ್ಮೆ ಅರ್ಧದ ಹತ್ತಿರದವರೆಗೂ ತಿನ್ನುತ್ತದೆ. ಐದು ವರ್ಷದೊಳಗೆ ಬೇಕಾಗುವ ಹಣವನ್ನು ಮಾತ್ರ ಷೇರಿನಲ್ಲಿ ಇಡಬೇಡ. ಅರ್ಧ ಕಳೆದರೆ ಮೊದಲಿನಷ್ಟಾಗಲು ಉಳಿದದ್ದು ಎರಡು ಪಟ್ಟು ಆಗಬೇಕು. ಅದಕ್ಕೆ ಕಾಯುವಷ್ಟು ಸಮಯ ಬೇಕು.

ಈಗ ಸ್ಕ್ಯಾನಿಂಗ್ ಸೆಂಟರ್. ಇದನ್ನು ನಿಧಾನವಾಗಿ ಓದು.

ಮೆಷಿನ್ ಸಾಲದಲ್ಲಿ ಬರುತ್ತದೆ. ರೋಗಿಗಳು ಬಂದರೂ ಬರದಿದ್ದರೂ ಕಂತು ಪ್ರತಿ ತಿಂಗಳೂ ಬರುತ್ತದೆ. ದಿನಕ್ಕೆ ಇಷ್ಟು ಸ್ಕ್ಯಾನ್ ಆಗಲೇಬೇಕು ಅನ್ನುವ ಲೆಕ್ಕ ಯೋಜನೆಯ ಕಾಗದದಲ್ಲಿ ಖಂಡಿತ ಇರುತ್ತದೆ. ಆ ಸ್ಕ್ಯಾನ್ ಬರೆದುಕೊಡುವವರು ಯಾರು? ಪಾಲುದಾರ ಡಾಕ್ಟರುಗಳೇ. ನೀನು ಕೆಟ್ಟವಳಾಗುತ್ತೀಯ ಅಂತ ನಾನು ಹೇಳುತ್ತಿಲ್ಲ, ಮಗಳೇ. ಸಂದೇಹದ ಕೇಸು ಬಂದಾಗ, ಸ್ಕ್ಯಾನ್ ಬೇಕೋ ಬೇಡವೋ ಅಂತ ಯೋಚಿಸುವಾಗ, ಲಾಭ ಇರುವ ಕಡೆಗೆ ಮನಸ್ಸು ತಾನಾಗಿ ವಾಲುತ್ತದೆ. ನಿನಗೇ ಗೊತ್ತಾಗುವುದಿಲ್ಲ. ಕೆಲವು ದೇಶಗಳಲ್ಲಿ ಡಾಕ್ಟರು ತನ್ನ ಪಾಲಿರುವ ಕಡೆಗೆ ರೋಗಿಯನ್ನು ಕಳಿಸುವುದಕ್ಕೆ ಕಾನೂನಿನ ನಿರ್ಬಂಧ ಇರುವುದೂ ಇದಕ್ಕೇ. ನನ್ನ ಮಾತು ಕೇಳುವುದಾದರೆ ಈ ಪಾಲು ಬೇಡ. ಲಾಭ ಬಂದರೂ ಬೇಡ.

ಆ ಹಿರಿಯರಿಗೆ ಏನು ಹೇಳಲಿ ಅಂತ ಸಂಕೋಚ ಇರಬಹುದು. ಓದಿನ ಸಾಲ ತೀರುವವರೆಗೆ ಹೊಸ ಹೊಣೆ ಹೊರುವುದಿಲ್ಲ ಅಂತ ಹೇಳು. ಅದು ನಿಜವೂ ಹೌದು. ಒತ್ತಾಯ ಮಾಡಿ ಕಾಗದ ಕೊಟ್ಟರೆ ಯಾವುದಕ್ಕೂ ಸಹಿ ಹಾಕಬೇಡ, ಎಲ್ಲ ಪುಟಗಳನ್ನೂ ನನಗೆ ಕಳಿಸು. ಮೆಷಿನ್ ಸಾಲಕ್ಕೆ ಪಾಲುದಾರರ ವೈಯಕ್ತಿಕ ಜಾಮೀನು ಕೇಳಿದ್ದಾರಾ ಅಂತ ನಾನು ಮೊದಲು ನೋಡುತ್ತೇನೆ. ಕೇಳಿದ್ದರೆ, ಸೆಂಟರ್ ಮುಚ್ಚಿದ ಮೇಲೂ ಆ ಸಾಲ ನಿನ್ನ ಹೆಸರಿನಲ್ಲೇ ಉಳಿಯುತ್ತದೆ. ವಿಮೆಯ ಕಾಗದಗಳಿದ್ದರೆ ಅವನ್ನೂ ಜೊತೆಗೇ ಕಳಿಸು, ಈ ವಾರವೇ ಓದಿ ಫೋನ್ ಮಾಡುತ್ತೇನೆ.

ನಿನ್ನ ದೊಡ್ಡಪ್ಪ