ದಾಸುವನ್ನು ಕಟ್ಟುವ ಮೊದಲು

ಫ್ರೈಬುರ್ಗ್, ಜರ್ಮನಿ
16 ನವೆಂಬರ್ 2025

ತೀರ್ಥರೂಪು ಅಪ್ಪಯ್ಯನವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಸಮಾಚಾರಕ್ಕೆ ಆಗಾಗ ಬರೆಯುತ್ತಿರಿ.

ನಿಮ್ಮ ಕಾಗದ ಕೈಸೇರಿತು. ಅರೇಬಿಕಾ ಕಾಫಿ ಹಣ್ಣಾಗಿ ಕೊಯ್ಲು ಶುರುವಾಗಿರುವುದು, ಆಳುಗಳು ಸಿಗದೆ ಒದ್ದಾಡುತ್ತಿರುವುದು, ಅಮ್ಮನ ಕೆಮ್ಮು ಕಡಿಮೆಯಾಗಿರುವುದು ಎಲ್ಲವೂ ತಿಳಿಯಿತು. ಆದರೆ ಕಾಗದದ ಕೊನೆಗೆ ನೀವು ಸೇರಿಸಿದ್ದ ಸಾಲುಗಳನ್ನೇ ನಾನು ಮತ್ತೆ ಮತ್ತೆ ಓದಿದೆ. ತಮ್ಮ ಚಿಕ್ಕಮಗಳೂರಿನಿಂದ ತಂದ ಹೊಸ ನಾಯಿಮರಿ ಹತ್ತಿರ ಬಂದರೆ ಸಾಕು, ದಾಸು ಗುರ್ ಎನ್ನುತ್ತಾನೆ, ಮರಿಗೆ ಏನಾದರೂ ಮಾಡಿಬಿಟ್ಟಾನೆಂಬ ಭಯಕ್ಕೆ ಅದು ದೊಡ್ಡದಾಗುವವರೆಗೆ ಅವನನ್ನು ಸೌದೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಬಿಡೋಣವೆಂದಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಕಟ್ಟಬೇಡಿ, ಅಪ್ಪಯ್ಯ. ಸಾವಿರಾರು ಮೈಲಿ ದೂರ ಕುಳಿತವಳು ಹಿರಿಯರಿಗೆ ಬುದ್ಧಿ ಹೇಳುತ್ತಾಳೆಂದು ತಿಳಿಯಬಾರದು. ದಾಸು ಮರಿಯಾಗಿ ಬಂದ ವರ್ಷ ನಾನೂ ಅದೇ ಜಗಲಿಯಲ್ಲಿದ್ದೆ. ಅವನಿಗೆ ಅನ್ನ ಹಾಕಿದವರು ನಾವಾದರೂ ಅವನನ್ನು ನಾಯಿಯಾಗಿ ಬೆಳೆಸಿದ್ದು ಆಗ ಮನೆಯಲ್ಲಿದ್ದ ದೊಡ್ಡ ನಾಯಿಗಳಾದ ಕರಿಯ ಮತ್ತು ಬೆಳ್ಳಿ. ಆ ವರ್ಷದ್ದನ್ನು ನಿಮಗೆ ಒಮ್ಮೆ ನೆನಪಿಸಬೇಕೆಂದೇ ಈ ಕಾಗದ ಬರೆಯುತ್ತಿದ್ದೇನೆ.

ಅದು 2015ರ ಕಾರ್ತಿಕ ಮಾಸ. ತೋಟದ ಆಳುಗಳ ಲೈನ್ ಮನೆಗಳ ಹಿಂದೆ ಮರಿ ಹಾಕಿದ್ದ ತಾಯಿ ಸತ್ತುಹೋಗಿ, ಉಳಿದ ಒಂದೇ ಮರಿಯನ್ನು ನೀವು ಹಾಳೆಟೊಪ್ಪಿಯೊಳಗೆ ಇಟ್ಟುಕೊಂಡು ಬಂದಿರಿ. ಅದಕ್ಕೆ ಆಗ ತಿಂಗಳೂ ತುಂಬಿರಲಿಲ್ಲ; ಕಣ್ಣು ತೆರೆದು ಹೆಚ್ಚೆಂದರೆ ಎರಡು ವಾರವಾಗಿತ್ತೇನೋ. ಅಜ್ಜಿ ಬಚ್ಚಲೊಲೆಯ ಪಕ್ಕದಲ್ಲಿ ಕುಕ್ಕೆಯೊಂದಕ್ಕೆ ಗೋಣಿ ಹಾಸಿ ಮಲಗಿಸಿದಳು, ಗಂಜಿ ತಿಳಿಯನ್ನು ಕರಟದಲ್ಲಿ ಹಾಕಿ ನೆಕ್ಕಿಸಿದಳು. ರಾತ್ರಿಯೆಲ್ಲ ಅದು ಕುಂಯ್‌ಗುಟ್ಟುತ್ತಿತ್ತು. ಹಿತ್ತಿಲ ಬಾಗಿಲನ್ನು ಕೆರೆದು ಕೆರೆದು ಬೆಳ್ಳಿ ಒಳಗೆ ಬಂದು, ಕುಕ್ಕೆಯ ಸುತ್ತ ಮೈಯನ್ನು ಬಳಸಿ ಮಲಗಿದ ಮೇಲೆಯೇ ಮನೆಗೆ ನಿದ್ದೆ ಬಂದದ್ದು. ಬೆಳ್ಳಿ ಆಗಿನ್ನೂ ಹರೆಯದ ನಾಯಿ, ತಾನು ಒಮ್ಮೆಯೂ ಮರಿ ಹಾಕಿದವಳಲ್ಲ. ಆದರೂ ಮರಿಯ ಹೊಟ್ಟೆಯನ್ನು ನೆಕ್ಕಿ ನೆಕ್ಕಿ ಉಚ್ಚೆ ಮಾಡಿಸುವುದನ್ನೂ ಅದನ್ನು ಶುಚಿಗೊಳಿಸುವುದನ್ನೂ ಯಾರೂ ಹೇಳಿಕೊಡದೆ ಮಾಡಿದಳು.

ಕರಿಯನ ರೀತಿಯೇ ಬೇರೆ. ಅವನು ಮೊದಮೊದಲು ಮರಿಯತ್ತ ತಿರುಗಿಯೂ ನೋಡಲಿಲ್ಲ. ಮರಿ ಜಗಲಿಗೆ ಬಂದರೆ ಅವನು ಎದ್ದು ಕಾಫಿ ಕಣಕ್ಕೆ ಹೋಗುತ್ತಿದ್ದ. ಅದು ಕುಂಟುತ್ತಾ ಏಳುತ್ತಾ ಕಣಕ್ಕೂ ಬಂದರೆ ಗೋದಾಮಿನ ಮೆಟ್ಟಿಲು ಹತ್ತಿ ಬೆನ್ನು ಹಾಕಿ ಕೂರುತ್ತಿದ್ದ. ನೀವೇ ಆಗ, 'ಇವನು ಮಾತು ಬಿಟ್ಟ ದಾಯಾದಿಯ ಹಾಗೆ ಕೂತಿದ್ದಾನಲ್ಲ' ಎಂದು ನಕ್ಕಿದ್ದಿರಿ. ಅವನು ಮರಿಯನ್ನು ಒಪ್ಪಿಕೊಳ್ಳಲು ಸುಮಾರು ಕಾಲ ಬೇಕಾಯಿತು, ಮತ್ತು ಆ ಕಾಲವನ್ನು ನೀವು ಅವನಿಗೆ ಕೊಟ್ಟಿರಿ. ಮರಿಯನ್ನು ಎತ್ತಿ ಅವನ ಮೂತಿಯ ಮುಂದೆ ಹಿಡಿಯಬೇಡ ಎಂದು ನನಗೆ ಗದರಿದವರೂ ನೀವೇ. ಸಂಜೆ ತೋಟದಿಂದ ಬಂದು ಗಂಬೂಟು ಬಿಚ್ಚುವಾಗ ನಿಮ್ಮ ಕೈ ಮೊದಲು ಕರಿಯನ ತಲೆಗೆ, ಆಮೇಲೆ ಬೆಳ್ಳಿಗೆ, ಕೊನೆಗೆ ಮರಿಗೆ ಹೋಗುತ್ತಿತ್ತು. ಎಷ್ಟೇ ಮುದ್ದಾಗಿ ಮರಿ ಕಾಲಿಗೆ ತೊಡರಿದರೂ ಆ ಸರದಿ ತಪ್ಪುತ್ತಿರಲಿಲ್ಲ. ಈಗ ದಾಸುವಿನ ತಲೆಗೆ ಮೊದಲು ಕೈ ಹೋಗುತ್ತಿದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ. ತಮ್ಮ ಕಳಿಸಿದ ವಿಡಿಯೋಗಳಲ್ಲಂತೂ ಎಲ್ಲರ ಕೈಯಲ್ಲೂ ಮರಿಯೇ ಇದೆ, ದಾಸು ಎಲ್ಲೋ ಮೂಲೆಯಲ್ಲಿ ಬಾಲ ಮಾತ್ರ ಕಾಣುವಂತೆ ಕೂತಿದ್ದಾನೆ.

ಇನ್ನು ಗುರುಗುಟ್ಟುವ ವಿಷಯ. ಮರಿಯ ಹಾಲುಹಲ್ಲುಗಳು 28, ಒಂದೊಂದೂ ಸೂಜಿಮೊನೆ. ಆ ಹಲ್ಲು ಬಂದ ಮೇಲೆ ದಾಸು ಅಮ್ಮನ ಸೀರೆಯ ಅಂಚು, ನನ್ನ ಹಿಮ್ಮಡಿ, ನಿಮ್ಮ ಹಾಳೆಟೊಪ್ಪಿ, ಒಣಹಾಕಿದ ಗೋಣಿ ಯಾವುದನ್ನೂ ಬಿಡಲಿಲ್ಲ. ಒಡಹುಟ್ಟಿದ ಮರಿಗಳಿದ್ದಿದ್ದರೆ ಅವುಗಳ ಜೊತೆ ಕಚ್ಚಾಡುತ್ತಲೇ, ಎಷ್ಟು ಬಲವಾಗಿ ಕಚ್ಚಿದರೆ ಆಟ ನಿಂತುಹೋಗುತ್ತದೆ ಎಂಬುದನ್ನು ಅದು ಕಲಿಯುತ್ತಿತ್ತು. ಇವನಿಗೆ ಆ ಭಾಗ್ಯವಿರಲಿಲ್ಲ, ಆ ಪಾಠ ಬೆಳ್ಳಿಯಿಂದ ಆಯಿತು. ಮರಿ ಅವಳ ಕಿವಿಯನ್ನು ಮೆಲ್ಲಗೆ ಜಗ್ಗಿದರೆ ಸುಮ್ಮನಿರುತ್ತಿದ್ದಳು, ಜೋರಾಗಿ ಕಚ್ಚಿದೊಡನೆ ಕುಂಯ್ ಎಂದು ಎದ್ದು ಹೊರಟುಬಿಡುತ್ತಿದ್ದಳು. ಆಟ ಮುಗಿಯಿತು. ಮರಿ ಪೆಚ್ಚಾಗಿ ಕುಳಿತು, ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ, ಈ ಸಾರಿ ಹಗುರವಾಗಿ ಬಾಯಿ ಹಾಕುತ್ತಿತ್ತು.

ಬೆಳ್ಳಿಯ ಸಲುಗೆಯಿಂದ ಕಲಿಯದೆ ಉಳಿದದ್ದನ್ನು ಕರಿಯ ಕಲಿಸಿದ. ಅವನ ಪಾಠಕ್ಕೆ ಒಂದು ಕ್ರಮವಿತ್ತು. ಮರಿ ತನ್ನ ಮೇಲೆ ಹತ್ತಲು ಬಂದರೆ ಮೊದಲು ಮುಖ ತಿರುಗಿಸುತ್ತಿದ್ದ. ಅರ್ಥವಾಗದಿದ್ದರೆ ಮೈ ಬಿಗಿದು ತುಟಿ ಮೇಲೆತ್ತುತ್ತಿದ್ದ. ಅದಕ್ಕೂ ಜಗ್ಗದಿದ್ದರೆ ಗುರ್ ಎನ್ನುತ್ತಿದ್ದ. ಆಮೇಲೂ ಬಂದರೆ ಗಾಳಿಯಲ್ಲಿ ಒಮ್ಮೆ ಹಲ್ಲು ಕಟಕ್ಕನೆ ಕಡಿಯುತ್ತಿದ್ದ. ಮರಿಗೆ ಅವನ ಹಲ್ಲು ತಾಗಿದ್ದನ್ನು ನಾನು ಕಂಡಿಲ್ಲ. ಅದು ಕೂಗಿಕೊಂಡು ಅಂಗಾತ ಬಿದ್ದು ಹೊಟ್ಟೆ ತೋರಿಸಿದ ಕೂಡಲೇ ಅವನು ಮೂಸಿ ನೋಡಿ ಅಲ್ಲಿಂದ ಹೋಗಿಬಿಡುತ್ತಿದ್ದ. ನಾನು ಕೋಲು ತರಲು ಓಡಿದಾಗ ಅಜ್ಜಿ ಹೇಳಿದ್ದು ನಿಮಗೂ ನೆನಪಿರಬಹುದು: 'ಅವನು ಬಾಯಲ್ಲಿ ಹೇಳ್ತಾ ಇದಾನೆ, ಹೇಳೋಕೆ ಬಿಡು. ಬಾಯಿ ಮುಚ್ಚಿಸಿದ್ರೆ ಹಲ್ಲಲ್ಲೇ ಹೇಳ್ತಾನೆ.' ಅಜ್ಜಿ ಹೇಳಿದ್ದನ್ನೇ ಇಲ್ಲಿನ ನಾಯಿ ತರಬೇತುದಾರರೂ ಹೇಳುತ್ತಾರೆ. ಗುರುಗುಟ್ಟಿದಾಗಲೆಲ್ಲ ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆಯೇ ಹೊರತು ಸಿಟ್ಟನ್ನು ಬಿಡುವುದಿಲ್ಲ. ಮುಂದೊಂದು ದಿನ ಮುನ್ಸೂಚನೆಯೇ ಇಲ್ಲದೆ ಕಚ್ಚುತ್ತದೆ. ಆದ್ದರಿಂದ ದಾಸು ಗುರ್ ಎಂದು ಮರಿ ಹಿಂದೆ ಸರಿದರೆ ಅಲ್ಲಿಗೆ ಎಲ್ಲವೂ ಸರಿಯಾಗಿದೆ ಎಂದೇ ತಿಳಿಯಿರಿ. ಮರಿ ಬಿಡದೆ ಮೇಲೆ ಮೇಲೆ ಬೀಳುತ್ತಿದ್ದರೆ, ಅಥವಾ ದಾಸು ಸದ್ದೇ ಮಾಡದೆ ಕಲ್ಲಿನಂತೆ ನಿಂತು ದಿಟ್ಟಿಸುತ್ತಿದ್ದರೆ ಮಾತ್ರ ನಡುವೆ ಹೋಗಿ, ಮರಿಯನ್ನು ಎತ್ತಿಕೊಳ್ಳಿ. ಎತ್ತಬೇಕಾದದ್ದು ಮರಿಯನ್ನು, ಗದರಬೇಕಾದದ್ದು ಯಾರನ್ನೂ ಅಲ್ಲ.

ಊಟದ ವಿಷಯದಲ್ಲಿ ಅಮ್ಮನ ಕಟ್ಟುನಿಟ್ಟು ಬಹಳ ಉಪಕಾರ ಮಾಡಿತು. ಕರಿಯನಿಗೆ ಜಗಲಿಯ ಕೆಳಗೆ, ಬೆಳ್ಳಿಗೆ ಬಾವಿಕಟ್ಟೆಯ ಬಳಿ, ಮರಿಗೆ ಹಿತ್ತಿಲ ಬಾಗಿಲ ಒಳಗೆ. ಒಬ್ಬರ ತಟ್ಟೆ ಇನ್ನೊಬ್ಬರಿಗೆ ಕಾಣುವಂತಿರಲಿಲ್ಲ. ಹಿಂದಿನ ದಿನದ ಅಕ್ಕಿರೊಟ್ಟಿ ಹಾಲಿನಲ್ಲಿ ನೆನೆದರೂ, ಒಣಮೀನಿನ ತಲೆ ಅನ್ನದ ಜೊತೆ ಬೆಂದರೂ ಎಲ್ಲರೂ ಉಂಡು ತಟ್ಟೆ ತೆಗೆದ ಮೇಲೆಯೇ ಬಾಗಿಲು ತೆರೆಯುತ್ತಿತ್ತು. ನಮ್ಮ ಮನೆಯ ನಾಯಿಗಳು ಊಟಕ್ಕಾಗಿ ಜಗಳವಾಡಿದ್ದು ನನಗೆ ನೆನಪಿಲ್ಲ. ಈಗ ದಾಸು, ಬೆಳ್ಳಿ, ಮರಿ ಮೂವರ ತಟ್ಟೆಯೂ ಒಂದೇ ಕಡೆ ಇರುವುದನ್ನು ವಿಡಿಯೋದಲ್ಲಿ ಕಂಡೆ. ತಮ್ಮನಿಗೆ ಹೇಳಿ, ಹಳೆಯ ಪದ್ಧತಿಗೆ ಬರಲಿ.

ಕೊಯ್ಲಿನ ಕಾಲದ ಮರಿಗೆ ಕಣವೇ ದೊಡ್ಡ ಆಕರ್ಷಣೆ. ರಾಶಿ ಹಾಕಿದ ಹಣ್ಣಿನ ಸಿಹಿ ವಾಸನೆಗೆ ದಾಸು ಅದರೊಳಗೆ ಹೊರಳುತ್ತಿದ್ದ, ಬಾಯಿಗೂ ಹಾಕುತ್ತಿದ್ದ. ನೀವು ಕುತ್ತಿಗೆ ಹಿಡಿದು ಎತ್ತಿ ತರುತ್ತಿದ್ದಿರಿ. ಹೊಸ ಮರಿಯನ್ನೂ ಅಲ್ಲಿಂದ ದೂರವಿಡಿ. ಕಾಫಿಯಲ್ಲಿರುವ ಕೆಫೀನ್ ನಾಯಿಗಳ ಹೃದಯಕ್ಕೂ ನರಗಳಿಗೂ ವಿಷ, ಸಣ್ಣ ಮೈಗೆ ಸ್ವಲ್ಪವೇ ಸಾಕು. ತೋಟದೊಳಗಿನ ಉಳಿದ ವಿದ್ಯೆಗಳೆಲ್ಲ ದಾಸುವಿಗೆ ಕರಿಯನ ಹಿಂದೆ ಓಡಾಡಿಯೇ ಬಂದವು. ಹಾವು ಕಂಡರೆ ಮೇಲೆ ಎರಗದೆ ದೂರದಲ್ಲಿ ನಿಂತು ಒಂದೇ ಸಮನೆ ಬೊಗಳುವುದು, ಹಂದಿಯ ಸದ್ದಿಗೆ ಬೇಲಿ ದಾಟದಿರುವುದು, ಮಳೆಗಾಲದಲ್ಲಿ ಬಂದು ಜಗಲಿಯಲ್ಲಿ ಕೂತು ಬೆರಳ ಸಂದಿನ ಇಂಬಳವನ್ನು ಹಲ್ಲಿನಿಂದ ಕಿತ್ತುಹಾಕುವುದು, ಇವನ್ನು ನಾವು ಕಲಿಸಲು ಸಾಧ್ಯವಿತ್ತೇ? ದಾಸು ಬರುವುದಕ್ಕೆ ಹಿಂದಿನ ಚೈತ್ರದಲ್ಲಿ ಕಾಫಿ ಹೂವು ಬಿಟ್ಟಾಗ ಎರಡೇ ನಾಯಿ ಇದ್ದವು. ಮುಂದಿನ ಹೂವಿನ ಹೊತ್ತಿಗೆ ಮೂರೂ ಒಂದೇ ಸಾಲಿನಲ್ಲಿ, ಮುಂದೆ ಕರಿಯ, ನಡುವೆ ಬೆಳ್ಳಿ, ಕಾಲುಗಳು ಮೈಗಿಂತ ಉದ್ದವಾಗಿದ್ದ ದಾಸು ಹಿಂದೆ, ನಿಮ್ಮ ಜೊತೆ ತೋಟ ಸುತ್ತುತ್ತಿದ್ದವು.

ಇಲ್ಲಿ ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದೆಂದು ಕಾನೂನೇ ಇದೆ. ನಾಯಿ ಸಾಕಿದವರು ಊರಿನ ಆಡಳಿತಕ್ಕೆ ತೆರಿಗೆಯನ್ನೂ ಕಟ್ಟುತ್ತಾರೆ. ನಾಯಿಗೂ ಕಂದಾಯವೇ ಎಂದು ನೀವು ನಗುವುದು ನನಗೆ ಕೇಳಿಸುತ್ತಿದೆ. ಕೆಳಗಿನ ಮನೆಯ ವೃದ್ಧೆ ತಮ್ಮ ಮುದಿ ನಾಯಿಯ ಜೊತೆಗೆ ಈ ವರ್ಷ ಮರಿಯೊಂದನ್ನು ತಂದಿದ್ದಾರೆ; ಎರಡರ ನಡುವೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಇಟ್ಟು, ಮುದಿ ನಾಯಿಗೆ ಬೇಕೆನಿಸಿದಾಗ ಮಾತ್ರ ತೆರೆಯುತ್ತಾರೆ. ನಮ್ಮ ಮನೆಗೆ ಗೇಟು ಬೇಡ, ಜಗಲಿಯ ಮೇಲಿನ ಕಟ್ಟೆಯೇ ಸಾಕು. ಮರಿಗೆ ಅಲ್ಲಿಗೆ ಹತ್ತಲಾಗದು. ದಾಸುವಿನ ಕಂಬಳಿಯನ್ನು ಅಲ್ಲಿ ಹಾಸಿ, ಅವನು ಅಲ್ಲಿದ್ದಾಗ ಯಾರೂ ಮರಿಯನ್ನು ಎತ್ತಿ ಅಲ್ಲಿಗೆ ಬಿಡದಿದ್ದರಾಯಿತು. ಅವನಿಗೆ ಹತ್ತುವುದು ಕಷ್ಟವಾದರೆ ಒಂದು ಮಣೆ ಇಡಿ.

ಕಷ್ಟವಾಗುತ್ತಿದೆಯೆಂದೇ ನನ್ನ ಅನುಮಾನ. ದಾಸುವಿಗೆ ಹತ್ತು ವರ್ಷವಾಯಿತು. ವಿಡಿಯೋದಲ್ಲಿ ಅವನು ಏಳುವಾಗ ಹಿಂಗಾಲನ್ನು ಎಳೆದಂತೆ ಕಂಡಿತು, ಮರಿ ಹಾರಿದ್ದೂ ಸರಿಯಾಗಿ ಸೊಂಟದ ಮೇಲೆಯೇ. ಕೀಲುನೋವಿರುವ ನಾಯಿ ಗುರ್ ಎನ್ನದೆ ಇನ್ನೇನು ಮಾಡೀತು? ಬಾಳೆಹೊನ್ನೂರಿಗೆ ಹೋಗುವಾಗ ಅವನನ್ನೂ ಜೀಪಿನಲ್ಲಿ ಹಾಕಿಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ನಿಮ್ಮ ಮಂಡಿನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಹಲವು ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಬೆಳ್ಳಿಗೆ ಕಿವಿ ಕೇಳಿಸುವುದಿಲ್ಲವಾದ್ದರಿಂದ ಮರಿ ಹಿಂದಿನಿಂದ ಬಂದರೆ ಬೆಚ್ಚಿ ಬಾಯಿ ಹಾಕಬಹುದು. ಅವಳು ಮಲಗಿದಾಗ ಮರಿಯನ್ನು ಆಚೆ ಇರಿಸಿ.

ಮರಿಯ ಚುಚ್ಚುಮದ್ದನ್ನು ತಮ್ಮನ ಮರೆವಿಗೆ ಬಿಡಬೇಡಿ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ರೋಗಗಳದು ಆರರಿಂದ ಎಂಟನೆಯ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೆಯ ವಾರದವರೆಗೆ ಆಗಬೇಕು. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ. ಅದು ಮುಗಿಯುವವರೆಗೆ ಲೈನ್ ಮನೆಗಳ ಕಡೆಯ ನಾಯಿಗಳ ಜೊತೆ ಬಿಡುವುದು ಬೇಡ. ದೊಡ್ಡವೆರಡರ ವರ್ಷದ ಚುಚ್ಚುಮದ್ದೂ ಆಗಿದೆಯೇ ನೋಡಿ. ಬೇಸಿಗೆ ಹತ್ತಿರ ಬಂದಂತೆ ಉಣುಗು ಹೆಚ್ಚುತ್ತದೆ. ಕೊಪ್ಪ, ನರಸಿಂಹರಾಜಪುರದ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯವಿರುವಾಗ, ಕಾಡಂಚಿನಿಂದ ಬಂದ ನಾಯಿಗಳನ್ನು ಅಂಗಳದಲ್ಲೇ ನಿಲ್ಲಿಸಿ ಕಿವಿ, ಕಂಕುಳು, ಬೆರಳ ಸಂದು ನೋಡಿಯೇ ಜಗಲಿಗೆ ಬಿಡಬೇಕೆಂದು ಅಮ್ಮನಿಗೂ ಹೇಳಿ. ಬರಿಗೈಯಲ್ಲಿ ಉಣುಗನ್ನು ಹಿಸುಕುವ ಅವಳ ಅಭ್ಯಾಸ ಮಾತ್ರ ನಿಲ್ಲಬೇಕು.

ದಾಸುವನ್ನು ಸೌದೆ ಕೊಟ್ಟಿಗೆಗೆ ಕಟ್ಟುವುದು ಬೇಡವೆನ್ನಲು ಇನ್ನೂ ಒಂದು ಕಾರಣವಿದೆ. ಆ ಕೊಟ್ಟಿಗೆಗೆ ಬಾಗಿಲಿಲ್ಲ, ಹಿಂದೆಯೇ ಹಳ್ಳ. ಚಿರತೆ ಬಂದರೆ ಬಿಟ್ಟ ನಾಯಿ ಓಡಿಯಾದರೂ ಹೋದೀತು, ಕಟ್ಟಿದ ನಾಯಿಗೆ ಆ ದಾರಿಯೂ ಇಲ್ಲ. ಕತ್ತಲಾಗುವ ಮೊದಲು ದೊಡ್ಡವೆರಡನ್ನೂ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿ ಅಗಳಿ ಹಾಕಿರಿ. ಮರಿಗೆ ಮಾತ್ರ ಕೆಲವು ದಿನ ಬಚ್ಚಲೊಲೆಯ ಪಕ್ಕವೇ ಇರಲಿ. ದಾಸು ತಾನಾಗಿ ಅದರ ಹತ್ತಿರ ಹೋಗಿ ಮಲಗಿದ ದಿನ ಅದನ್ನೂ ಅವನ ಜೊತೆಗೆ ಬಿಡಬಹುದು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವಳು ಕಳಿಸಿದ ಮಿಡಿ ಉಪ್ಪಿನಕಾಯಿ ಮುಗಿಯುತ್ತಾ ಬಂದಿದೆ. ತಮ್ಮನಿಗೆ ಆಶೀರ್ವಾದಗಳು. ಪಶುವೈದ್ಯರು ದಾಸುವಿನ ಕಾಲಿನ ಬಗ್ಗೆ ಏನೆಂದರೆಂಬುದನ್ನು ಕಾಗದಕ್ಕೆ ಕಾಯದೆ ಫೋನಿನಲ್ಲೇ ತಿಳಿಸಿ, ಔಷಧಿಯ ಖರ್ಚು ನಾನು ಕಳಿಸುತ್ತೇನೆ.

ಇಂತಿ ನಿಮ್ಮ ಮಗಳು,
ಸುಮಾ